ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಡಿಸ್ಕ್: ಸ್ವಾಪ್‌ಗೆ ಎಷ್ಟು ಜಾಗ ಬಿಡೋಣ?

ಮಕ್ಕಳೇ, ನಿಮ್ಮ ಮನೆಯ ಕೆಲ್ಲರ್‌ನಲ್ಲೋ ಅಪ್ಪನ ಮೇಜಿನ ಡ್ರಾಯರಿನಲ್ಲೋ ಒಂದು ಹಳೆಯ ಲ್ಯಾಪ್‌ಟಾಪ್ ಖಂಡಿತ ಇರುತ್ತದೆ. ಗುಂಡಿ ಒತ್ತಿದರೆ ಶುರುವಾಗುತ್ತದೆ, ಇಲ್ಲ ಅಂತಲ್ಲ. ಆದರೆ ಅದು ಶುರುವಾಗುವಷ್ಟರಲ್ಲಿ ಅಮ್ಮ ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟಿರುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ತುಂಬಾ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ "ಇದನ್ನ ವೆರ್ಟ್‌ಸ್ಟೋಫ್‌ಹೋಫ್‌ಗೆ ಕೊಟ್ಟುಬಿಡೋಣ" ಅನ್ನೋ ಮಾತು ನಡೆದಿರುತ್ತದೆ. ಕೊಡುವ ಮೊದಲು ಇದನ್ನು ಓದಿ. ಪೋಷಕರೇ, ನೀವೂ ಓದಿ.

ನಮ್ಮ ಶಾಲೆಯ ಲ್ಯಾಪ್‌ಟಾಪ್ 2013ರಲ್ಲಿ ಕೊಂಡದ್ದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅದರಲ್ಲಿ ವಿಂಡೋಸ್ ಇಲ್ಲ, ಮೊದಲಿನಿಂದಲೂ ಉಬುಂಟು ಲಿನಕ್ಸ್. ಆದರೂ ಪ್ರೊಜೆಕ್ಟರಿಗೆ ಜೋಡಿಸಿ ಒಂದು ವಿಡಿಯೋ ತೋರಿಸಬೇಕೆಂದರೆ ಟೀಚರ್ ಎರಡು ಸಲ ಹಾಜರಿ ಕರೆಯುವಷ್ಟು ಹೊತ್ತು. ಹೊಸದು ಕೊಂಡುಬಿಡೋಣ ಎಂದು ಸಮಿತಿಯಲ್ಲಿ ಮಾತಾಯಿತು. ದುಡ್ಡಿನ ಮಾತು ಒಂದು ಕಡೆ ಇರಲಿ, ಅದಕ್ಕಿಂತ ದೊಡ್ಡದು ಡಿಸ್ಕಿನ ಒಳಗಿತ್ತು: ಹನ್ನೊಂದು ವರ್ಷಗಳ ರಾಜ್ಯೋತ್ಸವದ ವಿಡಿಯೋಗಳು, ಪ್ರತಿ ವರ್ಷದ ಕೊನೆಗೆ ನೀವೆಲ್ಲ ಒಬ್ಬೊಬ್ಬರಾಗಿ ಓದಿದ ಒಂದೊಂದು ಪುಟದ ಧ್ವನಿಮುದ್ರಣ, ಊರಿಂದ ಬಂದ ಅಜ್ಜ-ಅಜ್ಜಿಯರು ತರಗತಿಯಲ್ಲಿ ಕೂತು ಹೇಳಿದ ಕಥೆಗಳು. ಎಲ್ಲ ಸೇರಿ ಸುಮಾರು 180 ಜಿಬಿ. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ದೊಡ್ಡ ತರಗತಿಯ ನಾಲ್ವರು ಮಕ್ಕಳು, ಜೊತೆಗೆ ನಾನು, ಎರಡು ಶನಿವಾರ ಕೂತು ಆ ಲ್ಯಾಪ್‌ಟಾಪ್‌ನ ಡಿಸ್ಕ್ ಬದಲಾಯಿಸಿದೆವು. ಏನು ಮಾಡಿದೆವು, ಹಾಗೇ ಏಕೆ ಮಾಡಿದೆವು ಅನ್ನೋದೇ ಈ ಪಾಠ. ನಿಮ್ಮ ಮನೆಯಲ್ಲೂ ಮಾಡಬಹುದು, ಒಬ್ಬ ದೊಡ್ಡವರು ಪಕ್ಕದಲ್ಲಿರಲಿ.

ಕಟ್ಟೆ, ಕೆಲ್ಲರ್, ಅಟ್ಟ

ಮೊದಲು ಅಡುಗೆಮನೆಗೆ ಹೋಗೋಣ. ಅಡುಗೆ ಮಾಡುವ ಕಟ್ಟೆ ಇದೆಯಲ್ಲ, ಅದು ರ‍್ಯಾಮ್. ಕೈ ಚಾಚಿದರೆ ಸಿಗಬೇಕಾದ್ದೆಲ್ಲ ಅಲ್ಲಿರಬೇಕು. ಆದರೆ ಕಟ್ಟೆ ಚಿಕ್ಕದು. ಕರೆಂಟ್ ಹೋದರೆ ಅದರ ಮೇಲಿದ್ದದ್ದೆಲ್ಲ ಮಾಯ. ಡಿಸ್ಕ್ ಅಂದರೆ ಕೆಲ್ಲರ್. ಅಲ್ಲಿ ಜಾಗ ಬೇಕಾದಷ್ಟು, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಆದರೆ ನಾಲ್ಕು ಮಹಡಿ ಇಳಿದು ಮತ್ತೆ ಹತ್ತಬೇಕು, ಲಿಫ್ಟ್ ಇಲ್ಲ!

ಗೌರಿ-ಗಣೇಶ ಹಬ್ಬದ ಹಿಂದಿನ ದಿನ ಕಟ್ಟೆ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಒಂದು ಕಡೆ ಕಡುಬಿಗೆ ಹೂರಣ, ಇನ್ನೊಂದು ಕಡೆ ನೆನೆಸಿದ ಬೇಳೆ, ಮಧ್ಯೆ ಬೆಳಗ್ಗೆ ಬಳಸಿ ಹಾಗೇ ಬಿಟ್ಟ ಚಕ್ಕುಲಿ ಒರಳು. ಈಗ ಹೋಳಿಗೆ ಲಟ್ಟಿಸಲು ಜಾಗ ಬೇಕು. ಅಮ್ಮ ಏನು ಮಾಡ್ತಾರೆ? "ಈ ಒರಳನ್ನ ಕೆಳಗೆ ಇಟ್ಟು ಬಾ ಪುಟ್ಟಾ" ಅಂತಾರೆ. ಕೆಲ್ಲರ್‌ನಲ್ಲಿ ಇದಕ್ಕೆಂದೇ ಒಂದು ಹಲಗೆ ಖಾಲಿ ಬಿಟ್ಟಿರುತ್ತಾರೆ. ಆ ಹಲಗೆಯೇ ಸ್ವಾಪ್. ಸ್ವಾಪ್ ಅಂದರೆ ಅದಲು-ಬದಲು. ಕಟ್ಟೆಯಿಂದ ಒಂದು ಸಾಮಾನು ಕೆಳಗೆ, ಬೇಕಾದಾಗ ಅದೇ ಸಾಮಾನು ಮತ್ತೆ ಮೇಲೆ.

ಲಿನಕ್ಸ್ ತನ್ನ ರ‍್ಯಾಮ್ ಅನ್ನು ಪುಟಗಳಾಗಿ ಹಂಚಿಕೊಂಡಿರುತ್ತದೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪುಟ ಅಂದರೆ 4096 ಬೈಟ್. 4 ಜಿಬಿ ರ‍್ಯಾಮ್‌ನಲ್ಲಿ ಇಂಥ 10,48,576 ಪುಟಗಳು. ಯಾವ ಪುಟವನ್ನು ಬಹಳ ಹೊತ್ತಿನಿಂದ ಯಾರೂ ಮುಟ್ಟಿಲ್ಲವೋ ಅದನ್ನು ಲಿನಕ್ಸ್ ಸ್ವಾಪ್‌ಗೆ ಕಳಿಸುತ್ತದೆ. ಚಕ್ಕುಲಿ ಒರಳು ಕೆಳಗೆ ಹೋದರೆ ಯಾರಿಗೂ ತೊಂದರೆ ಇಲ್ಲ, ಇನ್ನು ಅದು ಬೇಕಾಗುವುದು ದೀಪಾವಳಿಗೆ. ಆದರೆ ಕಟ್ಟೆ ಎಷ್ಟು ತುಂಬಿದೆ ಅಂದರೆ ಸೌಟನ್ನೂ ಕೆಳಗೆ ಇಡಬೇಕಾಗಿ ಬಂದರೆ? ಸಾರು ತಿರುವಲು ಕೆಲ್ಲರ್‌ಗೆ ಓಡು, ಸೌಟು ತಾ, ಅದಕ್ಕೆ ಜಾಗ ಮಾಡಲು ಉಪ್ಪಿನ ಡಬ್ಬಿ ಕೆಳಗೆ ಇಡು, ಮರುಕ್ಷಣ ಉಪ್ಪು ಬೇಕು, ಮತ್ತೆ ಓಡು. ಇಡೀ ಮನೆ ಮೆಟ್ಟಿಲ ಮೇಲೇ ಇರುತ್ತದೆ, ಅಡುಗೆ ಮಾತ್ರ ಆಗುವುದಿಲ್ಲ. ಇದಕ್ಕೆ ಇಂಜಿನಿಯರುಗಳು ಥ್ರ್ಯಾಶಿಂಗ್ ಅಂತಾರೆ. ಮೌಸ್ ಅಲುಗಾಡದೆ, ಡಿಸ್ಕಿನ ದೀಪ ಮಾತ್ರ ಮಿಣುಕುತ್ತಾ ಇರುತ್ತಲ್ಲ, ಆಗ ಒಳಗೆ ನಡೆಯುತ್ತಿರುವುದು ಇದೇ ಓಟ.

ಈ ಓಟ ಎಷ್ಟು ದೂರದ್ದು ಅಂತ ಲೆಕ್ಕ ಹಾಕೋಣ. ಹಳೆಯ ಹಾರ್ಡ್ ಡಿಸ್ಕ್ ಒಳಗೆ ನಿಜವಾಗಿಯೂ ತಿರುಗುವ ಬಿಲ್ಲೆ ಇದೆ, ಗ್ರಾಮಫೋನ್ ತಟ್ಟೆಯ ಹಾಗೆ. ನಮ್ಮದು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಹಿಡಿದ ತೋಳು ಸರಿಯಾದ ಸಾಲಿಗೆ ಸರಿಯಬೇಕು. ಎಲ್ಲ ಸೇರಿ 10ರಿಂದ 15 ಮಿಲಿಸೆಕೆಂಡ್. ರ‍್ಯಾಮ್‌ನಿಂದ ಓದಲು ಬೇಕಾದದ್ದು ಸುಮಾರು 100 ನ್ಯಾನೋಸೆಕೆಂಡ್. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲ ಚಿಪ್‌ಗಳೇ, ಅಲ್ಲಿ ಸುಮಾರು 0.1 ಮಿಲಿಸೆಕೆಂಡ್.

ಇವೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಅಳತೆಗಳು, ಹಾಗಾಗಿ ಭೂತಗನ್ನಡಿ ಹಿಡಿಯೋಣ. ಕಟ್ಟೆಯಿಂದ ಉಪ್ಪು ತೆಗೆಯಲು 1 ಸೆಕೆಂಡ್ ಅಂದುಕೊಳ್ಳಿ. ಅದೇ ಅಳತೆಯಲ್ಲಿ ಎಸ್‌ಎಸ್‌ಡಿಯಿಂದ ತರಲು 1000 ಸೆಕೆಂಡ್, ಅಂದರೆ ಹತ್ತಿರ ಹತ್ತಿರ 17 ನಿಮಿಷ. ಹಾರ್ಡ್ ಡಿಸ್ಕಿನಿಂದ ತರಲು? ಕಡಿಮೆ ಅಂದರೂ ಒಂದು ಲಕ್ಷ ಸೆಕೆಂಡ್, ಸುಮಾರು 28 ಗಂಟೆ. ಇವತ್ತು ಬೆಳಗ್ಗೆ "ಉಪ್ಪು ಕೊಡು" ಅಂದರೆ ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಉಪ್ಪು ಬರುತ್ತದೆ!

ಊರಿನ ಹಳೆಯ ಮನೆ ನೋಡಿದವರಿಗೆ ಅಟ್ಟ ಗೊತ್ತಿರುತ್ತದೆ. ಅಡುಗೆಮನೆಯ ತಲೆಯ ಮೇಲೇ ಇರುತ್ತದೆ, ಒಂದು ಏಣಿ ಹಾಕಿದರೆ ಆಯ್ತು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೆಂದರೆ ಕೆಲ್ಲರ್‌ನ ಸಾಮಾನನ್ನೆಲ್ಲ ಅಟ್ಟಕ್ಕೆ ತಂದ ಹಾಗೆ. ಅಟ್ಟವೂ ಕಟ್ಟೆ ಅಲ್ಲ, ಅದನ್ನು ಮರೆಯಬಾರದು. ಆದರೆ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುವುದು ತಪ್ಪುತ್ತದೆ.

(ಅಂದ ಹಾಗೆ, ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಐಬಿಎಂ ಮಾಡಿದ್ದು. 24 ಅಂಗುಲ ಅಗಲದ 50 ಬಿಲ್ಲೆಗಳು, ಇಡೀ ಯಂತ್ರ ಒಂದು ದೊಡ್ಡ ಬೀರುವಿನಷ್ಟು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ನಿಮ್ಮ ಫೋನಿನ ಒಂದು ಒಳ್ಳೆಯ ಫೋಟೊ ಅದರಲ್ಲಿ ಹಿಡಿಸುವುದೇ ಕಷ್ಟ.)

ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸ್ವಾಪ್ ಇರಲಿಲ್ಲವೇ ಅಂತ ಕೇಳಬಹುದು. ಇತ್ತು, ಧಾರಾಳವಾಗಿ 8 ಜಿಬಿ ಇತ್ತು. "ರ‍್ಯಾಮ್‌ನ ಎರಡರಷ್ಟು ಸ್ವಾಪ್" ಅನ್ನೋ ಹಳೆಯ ನಿಯಮದಂತೆ ಡಿಸ್ಕಿನಲ್ಲಿ ಒಂದು ಭಾಗವನ್ನೇ ಗೋಡೆ ಕಟ್ಟಿ ಬಿಟ್ಟಿದ್ದರು. ಕೆಲ್ಲರ್‌ನ ಹಲಗೆ ಎಷ್ಟು ಉದ್ದ ಇದ್ದರೇನು, ಮೆಟ್ಟಿಲು ಕಡಿಮೆ ಆಗುವುದಿಲ್ಲವಲ್ಲ! ಸ್ವಾಪ್ ಹೆಚ್ಚಿಸಿದರೆ ಕಂಪ್ಯೂಟರ್ ವೇಗ ಆಗುತ್ತದೆ ಎಂದು ಎಷ್ಟೋ ಜನ ದೊಡ್ಡವರೂ ನಂಬಿದ್ದಾರೆ. ಹಾಗಿಲ್ಲ. ಸ್ವಾಪ್‌ನಿಂದ ಸಿಗುವುದು ಜಾಗ. ವೇಗ ಬೇಕಾದರೆ ಕಟ್ಟೆ ದೊಡ್ಡದು ಮಾಡಬೇಕು, ಇಲ್ಲವೇ ದೂರ ಕಡಿಮೆ ಮಾಡಬೇಕು.

ಸ್ವಾಪ್ ಯಾಕೆ ಬೇಕೇ ಬೇಕು

"ಹಾಗಾದ್ರೆ ಸ್ವಾಪ್ ಬೇಡವೇ ಬೇಡ ಅಂಕಲ್, ರ‍್ಯಾಮ್ ಜಾಸ್ತಿ ಹಾಕಿಬಿಡೋಣ" ಅಂದ ಒಬ್ಬ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸ್ವಲ್ಪ ನಿಧಾನವಾಗಿ ಓದಿ, ಈ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ಕಟ್ಟೆಯ ಮೇಲೆ ಎರಡು ಬಗೆಯ ಸಾಮಾನು ಇರುತ್ತದೆ. ಒಂದು, ಅಕ್ಕಿ ಡಬ್ಬಿಯಿಂದ ತೆಗೆದಿಟ್ಟ ಒಂದು ಪಾವು ಅಕ್ಕಿ. ಜಾಗ ಬೇಕಾದರೆ ಅದನ್ನು ತೆಗೆದುಬಿಡಬಹುದು, ಡಬ್ಬಿಯಲ್ಲಿ ಅದೇ ಅಕ್ಕಿ ಇದ್ದೇ ಇದೆ. ಇನ್ನೊಂದು, ಅರ್ಧ ನಾದಿದ ಹಿಟ್ಟು. ಅದರ ಮೂಲ ಬೇರೆಲ್ಲೂ ಇಲ್ಲ, ತೆಗೆದು ಎಸೆದರೆ ಹೋಯ್ತು. ರ‍್ಯಾಮ್‌ನಲ್ಲೂ ಹಾಗೇ. ಡಿಸ್ಕಿನ ಫೈಲಿನಿಂದ ಓದಿ ತಂದ ಪುಟಗಳನ್ನು ಲಿನಕ್ಸ್ ಯಾವಾಗ ಬೇಕಾದರೂ ಬಿಡಬಹುದು, ಮತ್ತೆ ಓದಿಕೊಂಡರಾಯ್ತು. ಆದರೆ ನೀವು ಬ್ರೌಸರಿನಲ್ಲಿ ಅರ್ಧ ಬರೆದ ಪ್ರಬಂಧ, ಆಟದಲ್ಲಿ ನೀವು ತಲುಪಿದ ಹಂತ, ಇವು ಆಗ ರ‍್ಯಾಮ್‌ನಲ್ಲಿ ಮಾತ್ರ ಇರುತ್ತವೆ. ಸ್ವಾಪ್ ಇಲ್ಲದಿದ್ದರೆ ಇಂಥ ಪುಟಗಳನ್ನು ಇಡಲು ಬೇರೆ ಜಾಗವೇ ಇಲ್ಲ. ಬೆಳಗ್ಗೆಯಿಂದ ಮುಟ್ಟದ ಹಿಟ್ಟು ಕಟ್ಟೆಯ ಮೇಲೇ ಕೂತಿರುತ್ತದೆ, ಈಗ ಬೇಕಾದ ಅಕ್ಕಿಯನ್ನು ಪದೇ ಪದೇ ತೆಗೆದು ಪದೇ ಪದೇ ತರಬೇಕಾಗುತ್ತದೆ. ಅಂದರೆ ಸ್ವಾಪ್ ಇಲ್ಲದಿದ್ದರೂ ಥ್ರ್ಯಾಶಿಂಗ್ ಆಗಬಹುದು!

ಕೊನೆಗೆ ಎಲ್ಲೂ ಜಾಗ ಇಲ್ಲದಾಗ ಲಿನಕ್ಸ್ ಒಂದು ಪ್ರೋಗ್ರಾಮನ್ನು ಆರಿಸಿ ಕೊಂದುಬಿಡುತ್ತದೆ. ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿದು ಕೂತದ್ದನ್ನೇ. ಅದು ನಿಮ್ಮ ಬ್ರೌಸರ್ ಆಗಿದ್ದರೆ ಪ್ರಬಂಧ ಗೋವಿಂದ.

ಲಿನಕ್ಸ್‌ಗೆ ಈ ಸೌಲಭ್ಯ ಬಂದ ಕಥೆಗೂ ನಾವಿರುವ ಜರ್ಮನಿಗೂ ನಂಟಿದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಬರೆಯಲು ಶುರು ಮಾಡಿದರು. ಅವರ ಕಂಪ್ಯೂಟರಿನಲ್ಲಿದ್ದದ್ದು 4 ಎಂಬಿ ರ‍್ಯಾಮ್. ಜಿಬಿ ಅಲ್ಲ, ಎಂಬಿ. ಜರ್ಮನಿಯ ಒಬ್ಬ ಬಳಕೆದಾರನ ಹತ್ತಿರ 2 ಎಂಬಿ ಮಾತ್ರ ಇತ್ತು, ಅಷ್ಟರಲ್ಲಿ ಲಿನಕ್ಸ್ ಅನ್ನು ಕಂಪೈಲ್ ಮಾಡಲು ಆಗುತ್ತಿರಲಿಲ್ಲ. ಅವನ ಕಷ್ಟ ನೋಡಿ ಲಿನಸ್ ಆ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ಪುಟಗಳನ್ನು ಡಿಸ್ಕಿಗೆ ಕಳಿಸುವ ಕೋಡ್ ಬರೆದರು. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಹೊರಬಂತು. ಒಬ್ಬನಿಗೆ ಕಟ್ಟೆ ಸಾಲದೇ ಹೋದದ್ದರಿಂದ ಎಲ್ಲರ ಮನೆಗೂ ಹಲಗೆ ಬಂತು ನೋಡಿ.

ಮೊದಲು ಪ್ರತಿ, ಆಮೇಲೆ ಸ್ಕ್ರೂ

ಡಿಸ್ಕ್ ಬದಲಾಯಿಸುವುದು ಅಂದ ಕೂಡಲೇ ಮಕ್ಕಳ ಕೈ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಬೇಡ. ಮೊದಲನೇ ಶನಿವಾರ ಪೂರ್ತಿ ನಾವು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಉಬುಂಟುವಿನ 'ಡಿಸ್ಕ್ಸ್' ಎಂಬ ಪ್ರೋಗ್ರಾಮಿನಲ್ಲಿ ಅದನ್ನು ನೋಡಬಹುದು. ಅಲ್ಲಿ ಎರಡು ಸಾಲು ಮುಖ್ಯ: ಡಿಸ್ಕ್ ತಾನೇ ಕೆಟ್ಟದ್ದೆಂದು ಬದಿಗಿಟ್ಟ ಸೆಕ್ಟರ್‌ಗಳೆಷ್ಟು, ಓದಲು ಒದ್ದಾಡುತ್ತಿರುವ ಸೆಕ್ಟರ್‌ಗಳೆಷ್ಟು. ಎರಡೂ ಸೊನ್ನೆ ಇದ್ದರೆ ಒಳ್ಳೆಯದು. ನಮ್ಮದರಲ್ಲಿ ಎರಡನೆಯದು 16 ಇತ್ತು. ಬಿಲ್ಲೆಯ ಮೇಲೆ ಎಲ್ಲೋ ಒಂದು ಕಡೆ ಸವೆದಿದೆ ಅಂತ ಅರ್ಥ. ಆ ಜಾಗದಲ್ಲಿ ಏನಿದೆ ಅಂತ ಓದುವವರೆಗೂ ಗೊತ್ತಾಗುವುದಿಲ್ಲ.

ಹೊರಗಿನ ಒಂದು ಯುಎಸ್‌ಬಿ ಡಿಸ್ಕಿಗೆ ನಕಲು ಶುರು ಮಾಡಿದೆವು. ಲೆಕ್ಕ ಹಾಕಿ: 180 ಜಿಬಿ, ಸೆಕೆಂಡಿಗೆ 100 ಎಂಬಿ, ಅಂದರೆ 1800 ಸೆಕೆಂಡ್, ಅರ್ಧ ಗಂಟೆ. ನಿಜವಾಗಿ ಹಿಡಿದದ್ದು ಎರಡೂವರೆ ಗಂಟೆ. ಏಕೆ? ದೊಡ್ಡ ವಿಡಿಯೋ ಆದರೆ ಮುಳ್ಳು ಒಂದೇ ಸಾಲಿನಲ್ಲಿ ಓದುತ್ತಾ ಹೋಗುತ್ತದೆ. ಸಾವಿರಾರು ಚಿಕ್ಕ ಫೋಟೊಗಳಾದರೆ ಪ್ರತಿಯೊಂದಕ್ಕೂ ತೋಳು ಸರಿಯಬೇಕು, ಅರ್ಧ ಸುತ್ತು ಕಾಯಬೇಕು. ಮೇಲಿನ 10-15 ಮಿಲಿಸೆಕೆಂಡ್ ಇಲ್ಲಿ ಬಂದು ಕಾಡಿತು.

ಒಂದು ಫೈಲಿನ ಹತ್ತಿರ ನಕಲು ನಿಂತೇಹೋಯಿತು. ಡಿಸ್ಕ್ ಕಟ್ ಕಟ್ ಅನ್ನತೊಡಗಿತು. 2017ರ ಧ್ವನಿಮುದ್ರಣ ಅದು, ಊರಿಂದ ಬಂದಿದ್ದ ಅಜ್ಜಿಯೊಬ್ಬರು ಚಿಕ್ಕ ಮಕ್ಕಳಿಗೆ ಹೇಳಿದ ಕಾಗಕ್ಕ-ಗುಬ್ಬಕ್ಕನ ಕಥೆ, 14 ನಿಮಿಷ. ಆ ಅಜ್ಜಿ ಈಗಿಲ್ಲ. ಅವರ ಮೊಮ್ಮಗಳು ನಮ್ಮ ನಾಲ್ವರಲ್ಲಿ ಒಬ್ಬಳು. ಅವಳೇ ಕೇಳಿದಳು: "ಅಂಕಲ್, ಮತ್ತೆ ಮತ್ತೆ ಓದಿಸಿದ್ರೆ ಇನ್ನೂ ಹಾಳಾಗುತ್ತಾ?"

ಆಗಬಹುದು. ಸಾಯುತ್ತಿರುವ ಡಿಸ್ಕನ್ನು ಕೆಟ್ಟ ಜಾಗದಲ್ಲೇ ಹಿಡಿದು ಉಜ್ಜಿದರೆ ಚೆನ್ನಾಗಿರುವ ಜಾಗಕ್ಕೂ ಪೆಟ್ಟು ಬೀಳುವ ಭಯ ಇದೆ. ಹಾಗಾಗಿ ಆ ಫೈಲನ್ನು ಅಲ್ಲೇ ಬಿಟ್ಟು ಉಳಿದದ್ದೆಲ್ಲವನ್ನೂ ಮೊದಲು ನಕಲು ಮಾಡಿದೆವು. ಅವಳಿಗೆ ಅದು ಸುಲಭದ ತೀರ್ಮಾನ ಆಗಿರಲಿಲ್ಲ, ಆದರೆ ಸರಿ ಅಂತ ಒಪ್ಪಿದಳು. ಕೊನೆಗೆ 'ಡಿಡಿರೆಸ್ಕ್ಯೂ' ಎಂಬ ಪ್ರೋಗ್ರಾಮ್ ಹಚ್ಚಿದೆವು. ಅದರ ಜಾಣತನ ಏನೆಂದರೆ, ಓದಲು ಬರುವ ಭಾಗವನ್ನೆಲ್ಲ ಮೊದಲು ಓದಿಟ್ಟುಕೊಂಡು, ಬಾರದ ಭಾಗದ ಪಟ್ಟಿ ಮಾಡಿ, ಆಮೇಲೆ ಆ ಪಟ್ಟಿಯನ್ನು ಮಾತ್ರ ಒಂದೊಂದೇ ಸಲ ಪ್ರಯತ್ನಿಸುತ್ತದೆ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಮೊದಲು ಬರೀರಿ ಅಂತ ನಾವು ಹೇಳೋದಿಲ್ವೇ, ಹಾಗೆ. ನಲವತ್ತು ನಿಮಿಷವಾದ ಮೇಲೆ 4096 ಬೈಟ್ ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಆ ಫೈಲಿನಲ್ಲಿ ಸೆಕೆಂಡಿಗೆ 1,76,400 ಬೈಟ್ ಶಬ್ದ, ಅಂದರೆ ಕಳೆದುಹೋದದ್ದು ಸೆಕೆಂಡಿನ ನೂರರಲ್ಲಿ ಎರಡು ಭಾಗ ಚಿಲ್ಲರೆ. ಅಜ್ಜಿ ಒಂದು ಕಡೆ "ಆಮೇಲೆ" ಅನ್ನುವಾಗ ಈಗ ಸಣ್ಣದೊಂದು ಟಿಕ್ ಕೇಳಿಸುತ್ತದೆ.

ನಕಲು ಮುಗಿದ ಮೇಲೆ ಹೋಲಿಸಿ ನೋಡಲೇಬೇಕು. ಫೈಲುಗಳ ಎಣಿಕೆ ಸರಿ ಇದ್ದರೆ ಸಾಲದು. 'ಶಾ256ಸಮ್' ಎಂಬ ಆಜ್ಞೆ ಪ್ರತಿ ಫೈಲಿಗೂ ಬೆರಳಚ್ಚಿನಂಥ ಒಂದು ಉದ್ದದ ಗುರುತು ಕೊಡುತ್ತದೆ. ಮೂಲದ ಬೆರಳಚ್ಚೂ ನಕಲಿನ ಬೆರಳಚ್ಚೂ ಒಂದೇ ಇದ್ದರೆ ನಕಲು ಸರಿಯಾಗಿದೆ. ಇದನ್ನು ಯಂತ್ರ ಮಾಡುತ್ತದೆ, ನಮಗೆ ಕೂರುವ ತಾಳ್ಮೆ ಬೇಕು ಅಷ್ಟೇ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ಎರಡನೇ ಶನಿವಾರ ಸ್ಕ್ರೂಡ್ರೈವರ್ ಹಿಡಿದೆವು. ಈ ಭಾಗ ಅರ್ಧ ಗಂಟೆಯದು. ಬ್ಯಾಟರಿ ತೆಗೆಯಿರಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ, ಉಣ್ಣೆಯ ಸ್ವೆಟರ್ ಚಟಪಟ ಅನ್ನುತ್ತದೆ, ಆ ಕಿಡಿ ಚಿಪ್‌ಗೆ ಒಳ್ಳೆಯದಲ್ಲ. ಮೊದಲು ಹೀಟರಿನ ಲೋಹದ ಪೈಪ್ ಮುಟ್ಟಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡಿ, ಇದಕ್ಕಿಂತ ಒಳ್ಳೆಯ ಸಾಧನ ನಾನು ಅಂಗಡಿಯಲ್ಲೂ ನೋಡಿಲ್ಲ. ಹಳೆಯ ಡಿಸ್ಕ್ ಎಳೆದು ಅದೇ ಜಾಗಕ್ಕೆ ಎರಡೂವರೆ ಅಂಗುಲದ ಎಸ್‌ಎಸ್‌ಡಿ ಸೇರಿಸಿದರೆ ಆಯ್ತು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್‌ಗೆ ಇನ್ನೊಂದು ಖಾಲಿ ಸ್ಲಾಟ್ ಇತ್ತು, ಅದಕ್ಕೆ ಸೆಕೆಂಡ್ ಹ್ಯಾಂಡ್ 4 ಜಿಬಿ ಹಾಕಿ ಒಟ್ಟು 8 ಮಾಡಿದೆವು. ದುಡ್ಡು ಒಂದಕ್ಕೇ ಇದ್ದರೆ, ರ‍್ಯಾಮ್ 4 ಜಿಬಿ ಆದರೂ ಇದ್ದರೆ, ಎಸ್‌ಎಸ್‌ಡಿಯೇ ಮೊದಲು ಅನ್ನೋದು ನನ್ನ ಅಭಿಪ್ರಾಯ.

ಹಳೆಯ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ಅಚ್ಚು ಹೊಡೆಯುವ ಪ್ರೋಗ್ರಾಮುಗಳಿವೆ. ನಾವು ಅದನ್ನು ಮಾಡಲಿಲ್ಲ. ಒದ್ದಾಡುತ್ತಿರುವ ಡಿಸ್ಕಿನ ಅಚ್ಚು ಬೇಡ, ಹತ್ತು ವರ್ಷದ ಕಸವೂ ಬೇಡ. ಯುಎಸ್‌ಬಿ ಕಡ್ಡಿಯಿಂದ ಹೊಸದಾಗಿ ಉಬುಂಟು ಹಾಕಿ, ನಮ್ಮ ಫೈಲುಗಳನ್ನು ಮಾತ್ರ ತಂದುಕೊಂಡೆವು. ಒಂದು ಎಚ್ಚರ: ಕಡ್ಡಿಯಿಂದ ಶುರುವಾದಾಗ ಕೀಲಿಮಣೆ ಇಂಗ್ಲಿಷಿನದು ಅಂತ ಲಿನಕ್ಸ್ ಅಂದುಕೊಳ್ಳುತ್ತದೆ. ನಮ್ಮ ಜರ್ಮನ್ ಕೀಲಿಮಣೆಯಲ್ಲಿ ವೈ ಮತ್ತು ಝೆಡ್ ಅದಲು-ಬದಲು. ಪಾಸ್‌ವರ್ಡ್ ಇಡುವ ಮೊದಲು ಭಾಷೆ ಸರಿ ಮಾಡಿಕೊಳ್ಳಿ.

ಎಷ್ಟು ಜಾಗ?

ಈಗ ಮುಖ್ಯ ಪ್ರಶ್ನೆ. ರ‍್ಯಾಮ್ 8 ಜಿಬಿ, ಎಸ್‌ಎಸ್‌ಡಿ 500 ಜಿಬಿ. ಸ್ವಾಪ್ ಎಷ್ಟು?

"ಎರಡರಷ್ಟು" ಅನ್ನೋದು ರ‍್ಯಾಮ್ ತೀರಾ ಕಡಿಮೆ ಇದ್ದ ಕಾಲದ ನಿಯಮ. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್ ಬಳಸುವವರಿಗೆ ಕೊಡುವ ಸಲಹೆಯಲ್ಲಿ 2 ಜಿಬಿ ತನಕ ಮಾತ್ರ ಎರಡರಷ್ಟು. 2ರಿಂದ 8 ಜಿಬಿ ತನಕ ರ‍್ಯಾಮ್ ಎಷ್ಟಿದೆಯೋ ಅಷ್ಟೇ. 8ಕ್ಕಿಂತ ಮೇಲೆ ಕನಿಷ್ಠ 4 ಜಿಬಿ. ಇದು ಆರಂಭದ ಅಂದಾಜು, ಮನು ಬರೆದ ಶಾಸನ ಏನಲ್ಲ. ನಿಮ್ಮ ಮನೆಯ ಬಳಕೆ ನೋಡಿ ನಿರ್ಧರಿಸಬೇಕು.

ಮೊದಲು ಕೇಳಬೇಕಾದದ್ದು, ಲ್ಯಾಪ್‌ಟಾಪ್ ಹೇಗೆ ಮಲಗುತ್ತದೆ ಅಂತ. ಮುಚ್ಚಳ ಮುಚ್ಚಿದಾಗ ಬರುವುದು ಕೋಳಿನಿದ್ದೆ: ರ‍್ಯಾಮ್‌ಗೆ ಸ್ವಲ್ಪ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ, ತಟ್ಟಿದರೆ ಎದ್ದುಬಿಡುತ್ತದೆ. ಇದಕ್ಕೆ ಸ್ವಾಪ್ ಬೇಡ. ಇನ್ನೊಂದು ಕುಂಭಕರ್ಣನ ನಿದ್ದೆ, ಹೈಬರ್ನೇಟ್: ಕಟ್ಟೆಯ ಮೇಲಿದ್ದದ್ದನ್ನೆಲ್ಲ ಸ್ವಾಪ್‌ಗೆ ಎತ್ತಿಟ್ಟು ಪೂರ್ತಿ ಆರಿಹೋಗುತ್ತದೆ. ಇದು ಬೇಕಿದ್ದರೆ ರ‍್ಯಾಮ್‌ನಷ್ಟಾದರೂ ಸ್ವಾಪ್ ಬೇಕು, ಇನ್ನೂ ಹೆಚ್ಚಿದ್ದರೆ ಕ್ಷೇಮ. 8ಕ್ಕೆ 16 ಅಂತ ರೆಡ್ ಹ್ಯಾಟ್ ಲೆಕ್ಕ. ಶಾಲೆಯ ಲ್ಯಾಪ್‌ಟಾಪ್ ಶನಿವಾರ ಏಳುತ್ತದೆ, ಮಧ್ಯಾಹ್ನ ಆಫ್ ಆಗುತ್ತದೆ. ಕುಂಭಕರ್ಣ ನಮಗೆ ಬೇಡ.

"ಆದ್ರೂ 500 ಜಿಬಿಯಲ್ಲಿ 16 ಬಿಟ್ರೆ ಏನು ಹೋಗುತ್ತೆ?" ಅಂತ ಒಬ್ಬಳು ವಾದ ಮಾಡಿದಳು. ಜಾಗ ಹೋಗುವುದು ನೂರಕ್ಕೆ ಮೂರೂವರೆ ಅಷ್ಟೇ, ನಿಜ. ಆದರೆ ಇನ್ನೊಂದು ತೊಂದರೆ ಇದೆ. ಯಾವುದೋ ಪ್ರೋಗ್ರಾಮ್ ಕೆಟ್ಟು ರ‍್ಯಾಮ್ ನುಂಗುತ್ತಾ ಹೋಯಿತು ಅಂದುಕೊಳ್ಳಿ. ಸ್ವಾಪ್ 4 ಜಿಬಿ ಇದ್ದರೆ ಬೇಗ ತುಂಬಿ, ಲಿನಕ್ಸ್ ಅದನ್ನು ಕೊಂದು, ನಾವು ಪಾಠ ಮುಂದುವರಿಸಬಹುದು. 16 ಇದ್ದರೆ ಆ 16 ತುಂಬುವವರೆಗೂ ಇಡೀ ಯಂತ್ರ ತೆವಳುತ್ತದೆ. ನಮ್ಮಲ್ಲಿ ನಡೆಯುವುದು ಒಂದು ಬ್ರೌಸರ್, ಒಂದು ವಿಡಿಯೋ, ಬರಹಕ್ಕೆ ಲಿಬ್ರೆಆಫೀಸ್. ವಾದ ಮುಗಿದು 4 ಜಿಬಿ ಅಂತ ತೀರ್ಮಾನವಾಯಿತು. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ.

ಒಪ್ಪದಿದ್ದರೂ ಪರವಾಗಿಲ್ಲ, ಏಕೆಂದರೆ ಈಗ ಗೋಡೆ ಕಟ್ಟಬೇಕಿಲ್ಲ. ಮೊದಲು ಸ್ವಾಪ್‌ಗೆ ಡಿಸ್ಕಿನ ಒಂದು ಭಾಗವನ್ನೇ ಬೇರೆ ಮಾಡುತ್ತಿದ್ದರು. ಆಮೇಲೆ ಸಾಲದೆ ಬಂದರೆ ಗೋಡೆ ಒಡೆಯಬೇಕಿತ್ತು. 2017ರ 17.04 ಆವೃತ್ತಿಯಿಂದ ಉಬುಂಟು ಸಾಮಾನ್ಯವಾಗಿ ಸ್ವಾಪ್ ಅನ್ನು ಒಂದು ಫೈಲಾಗಿ ಇಡುತ್ತದೆ. ಅಳತೆ ಬದಲಾಯಿಸಬೇಕೆಂದರೆ 'ಸ್ವಾಪ್‌ಆಫ್' ಆಜ್ಞೆಯಿಂದ ಹಳೆಯದನ್ನು ನಿಲ್ಲಿಸಿ, ಬೇಕಾದ ಅಳತೆಯ ಫೈಲ್ ಮಾಡಿ, ಅದಕ್ಕೆ 600 ಎಂಬ ಅನುಮತಿ ಕೊಟ್ಟು, 'ಎಂಕೆಸ್ವಾಪ್' ಓಡಿಸಿ, 'ಸ್ವಾಪ್‌ಆನ್' ಮಾಡಿದರೆ ಮುಗಿಯಿತು. ಫೈಲಿನ ಹೆಸರು ಬದಲಾದರೆ 'ಎಫ್‌ಎಸ್‌ಟ್ಯಾಬ್' ಎಂಬ ಪಟ್ಟಿಯಲ್ಲೂ ಹೊಸ ಹೆಸರು ಬರೆಯಿರಿ, ಇಲ್ಲದಿದ್ದರೆ ಮುಂದಿನ ಸಲ ಶುರುವಾದಾಗ ಅದು ನೆನಪಿರುವುದಿಲ್ಲ. 600 ಏಕೆ? ರ‍್ಯಾಮ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದಿರಬಹುದು, ಅದೇ ಪುಟ ಸ್ವಾಪ್‌ಗೆ ಹೋಗಿರಬಹುದು. ಆ ಫೈಲನ್ನು ಬೇರೆ ಯಾರೂ ತೆರೆದು ಓದಬಾರದು.

ಪೋಷಕರು ಕೇಳುವ ಒಂದು ಪ್ರಶ್ನೆ: ಸ್ವಾಪ್‌ನಿಂದ ಎಸ್‌ಎಸ್‌ಡಿ ಬೇಗ ಸವೆಯುವುದಿಲ್ಲವೇ? ಚಿಪ್‌ಗಳಿಗೆ ಬರೆಯುವ ಆಯಸ್ಸು ಇದೆ ನಿಜ. ಪೆಟ್ಟಿಗೆಯ ಮೇಲೆ 150 ಟಿಬಿ ತನಕ ಬರೆಯಬಹುದು ಅಂತ ಇದ್ದರೆ, ದಿನಾ 2 ಜಿಬಿ ಸ್ವಾಪ್ ಬರೆದರೂ ವರ್ಷಕ್ಕೆ 730 ಜಿಬಿ. ಭಾಗಿಸಿ ನೋಡಿ, ಇನ್ನೂರು ವರ್ಷ ದಾಟುತ್ತದೆ. ಲ್ಯಾಪ್‌ಟಾಪ್‌ನ ಕೀಲು ಅದಕ್ಕೂ ಮೊದಲೇ ಮುರಿದಿರುತ್ತದೆ.

ಮೊದಲು 2 ನಿಮಿಷ 50 ಸೆಕೆಂಡ್ ತೆಗೆದುಕೊಳ್ಳುತ್ತಿದ್ದ ಲ್ಯಾಪ್‌ಟಾಪ್ ಈಗ 19 ಸೆಕೆಂಡಿಗೆ ಸಿದ್ಧವಾಗುತ್ತದೆ. ತರಗತಿ ಮುಗಿದ ಮೇಲೆ ಪ್ರತಿ ವಾರ ಒಬ್ಬರು 'ಫ್ರೀ' ಆಜ್ಞೆ ಕೊಟ್ಟು, ಬಂದ ಸಂಖ್ಯೆಗಳನ್ನು ಗೋಡೆಯ ಹಾಳೆಯಲ್ಲಿ ಬರೆಯುತ್ತಾರೆ. ಸ್ವಾಪ್‌ನಲ್ಲಿ 200-300 ಎಂಬಿ ಇದ್ದರೆ ಗಾಬರಿ ಬೇಡ, ಅದು ಚಕ್ಕುಲಿ ಒರಳು. ನೋಡಬೇಕಾದದ್ದು ಓಟ ನಡೆಯುತ್ತಿದೆಯೇ ಅಂತ. 'ವಿಎಂಸ್ಟ್ಯಾಟ್ 1' ಅಂತ ಕೊಟ್ಟರೆ ಸೆಕೆಂಡಿಗೊಂದು ಸಾಲು ಬರುತ್ತದೆ, ಅದರಲ್ಲಿ ಎಸ್‌ಐ ಮತ್ತು ಎಸ್‌ಓ ಎಂಬ ಎರಡು ಕಂಬಗಳು: ಸ್ವಾಪ್‌ನಿಂದ ಒಳಗೆ, ಸ್ವಾಪ್‌ಗೆ ಹೊರಗೆ. ಸಾಲು ಸಾಲಾಗಿ ಸೊನ್ನೆ ಇದ್ದರೆ ಸಮಾಧಾನ. ಎಡೆಬಿಡದೆ ದೊಡ್ಡ ಸಂಖ್ಯೆಗಳೇ ಬರುತ್ತಿದ್ದರೆ ಕಟ್ಟೆ ಸಾಲುತ್ತಿಲ್ಲ, ಇನ್ನಷ್ಟು ಸ್ವಾಪ್ ಅದಕ್ಕೆ ಮದ್ದಲ್ಲ.

ಹಳೆಯ ಡಿಸ್ಕ್ ಈಗ ದಿನಾಂಕ ಬರೆದ ಲಕೋಟೆಯಲ್ಲಿ ಶಾಲೆಯ ಬೀರುವಿನಲ್ಲಿದೆ. ಆರು ತಿಂಗಳು ಮುಟ್ಟುವುದಿಲ್ಲ. ಆಮೇಲೆ ಪೂರ್ತಿ ಅಳಿಸಿಯೇ ವೆರ್ಟ್‌ಸ್ಟೋಫ್‌ಹೋಫ್‌ಗೆ. 180 ಜಿಬಿಯ ಇನ್ನೊಂದು ಪ್ರತಿ ಕಾರ್ಯದರ್ಶಿಗಳ ಮನೆಯಲ್ಲಿದೆ, ಒಂದೇ ಕಟ್ಟಡದಲ್ಲಿ ಎರಡೂ ಇರಬಾರದು ಅಂತ.

ಮನೆಗೆಲಸ: ನಿಮ್ಮ ಮನೆಯ ಯಾವುದಾದರೂ ಕಂಪ್ಯೂಟರಿನ ರ‍್ಯಾಮ್, ಡಿಸ್ಕ್, ಸ್ವಾಪ್ ಎಷ್ಟೆಂದು ನೋಡಿ ಬರೆಯಿರಿ. ಅದು ಕೋಳಿನಿದ್ದೆ ಮಾಡುತ್ತದೋ ಕುಂಭಕರ್ಣನ ನಿದ್ದೆಯೋ ಅಪ್ಪ-ಅಮ್ಮನನ್ನು ಕೇಳಿ, ಸ್ವಾಪ್ ಎಷ್ಟಿದ್ದರೆ ಸರಿ ಎಂದು ಕಾರಣದೊಂದಿಗೆ ನಾಲ್ಕು ಸಾಲು ಬರೆಯಿರಿ. ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು: 500 ಜಿಬಿ ಅಂತ ಕೊಂಡ ಡಿಸ್ಕನ್ನು ಲಿನಕ್ಸ್‌ನ 'ಎಲ್‌ಎಸ್‌ಬಿಎಲ್‌ಕೆ' ಆಜ್ಞೆ 465.8 ಅಂತ ತೋರಿಸಿತು. ಅಂಗಡಿಯವರು ಮೋಸ ಮಾಡಿಲ್ಲ. ಅವರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ಲಿನಕ್ಸ್ 1024ರಂತೆ ಎಣಿಸುತ್ತದೆ. 500ರ ಮುಂದೆ ಒಂಬತ್ತು ಸೊನ್ನೆ ಹಾಕಿ 1024ರಿಂದ ಮೂರು ಸಲ ಭಾಗಿಸಿ, ಮುಂದಿನ ಶನಿವಾರ ಉತ್ತರ ತನ್ನಿ.